ಕವಲೇದುರ್ಗದ ಕೆಳಗೊಂದು ಕೋವಿ

ಕವಲೇದುರ್ಗಕ್ಕೆ ಹೋಗುವವರು ಮೊದಲು ಗದ್ದೆ ಬದಿಯಲ್ಲಿ ನಡೆಯಬೇಕು. ಮೂರನೆಯ ಸಲ ಹೋದಾಗ ಮಳೆ ಹಿಡಿಯಿತು. ಕೋಟೆಯ ಮೊದಲ ಬಾಗಿಲು ಮುಟ್ಟುವ ಮುಂಚೆಯೇ ತಿರುಗಿ ಬಂದು ಗದ್ದೆಯಾಚೆಯ ಮನೆಯೊಂದರ ಜಗಲಿಯಲ್ಲಿ ಕುಳಿತೆ. ಮನೆಯ ಗೌಡರು ಕಾಫಿ ಕೊಟ್ಟು, ‘ಎಂತ ಓದ್ತಾ ಇದೀರಿ?’ ಎಂದರು. ಹದಿನೆಂಟನೆಯ ಶತಮಾನದ ಬಿದನೂರು ಸೀಮೆಯ ಯುದ್ಧಗಳು ಎಂದೆ. ಅವರು ಒಳಗೆ ಹೋಗಿ ಒಂದು ಕೋವಿ ತಂದು ನನ್ನ ತೊಡೆಯ ಮೇಲಿಟ್ಟರು.

‘ಬಿದನೂರಲ್ಲಿ ಬ್ರಿಟಿಷರು ಟಿಪ್ಪುಗೆ ಒಪ್ಪಿಸಿದ ಕೋವಿ ಇದು. ನಮ್ಮ ಅಜ್ಜಯ್ಯ ಹೇಳ್ತಿದ್ರು.’

ಸುಮ್ಮನೆ ತಳ್ಳಿಹಾಕುವ ಮಾತಲ್ಲ. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್‌ನ ಸೈನ್ಯ ಕುಂದಾಪುರದ ಕಡೆಯಿಂದ ಹೊಸಂಗಡಿ ಘಾಟಿ ಹತ್ತಿ ಬಂದಿತ್ತು. ಟಿಪ್ಪುವಿನ ಅಧಿಕಾರಿ ಅಯಾಜ್ ಕಾದಾಡದೆ ಬಿದನೂರನ್ನು ಬಿಟ್ಟುಕೊಟ್ಟ. ಮರುತಿಂಗಳು ಈಗಿನ ಸಾಗರ ತಾಲೂಕಿನ ಅನಂತಪುರದ ಕೋಟೆಗೆ ಕಂಪನಿಯವರು ಲಗ್ಗೆ ಹಾಕಿದರು. ಆದರೆ ಏಪ್ರಿಲ್ ಕೊನೆಗೆ ಟಿಪ್ಪುವಿನ ಮುತ್ತಿಗೆ ತಾಳಲಾರದೆ ಮ್ಯಾಥ್ಯೂಸ್ ಶರಣಾದ. ಕವಲೇದುರ್ಗದ ಕಾವಲು ಪಡೆಯೂ ಆ ಒಪ್ಪಂದಕ್ಕೆ ಸೇರಿತ್ತು. ಸೈನಿಕರು ಕೋಟೆಯಿಂದ ಹೊರಬಂದು ಕೋವಿಗಳನ್ನು ರಾಶಿ ಹಾಕಬೇಕೆಂಬುದು ಅದರ ಒಂದು ಷರತ್ತು. ಹೈದರನ ಕಾಲದಿಂದಲೇ ಬಿದನೂರಿನಲ್ಲಿ ದೊಡ್ಡ ಶಸ್ತ್ರಾಗಾರವಿತ್ತು. ಆ ರಾಶಿಯಿಂದ ಒಂದೆರಡು ಕೋವಿ ಹಳ್ಳಿಮನೆಗಳಿಗೆ ಸೇರಿದ್ದರೆ ಆಶ್ಚರ್ಯವೇನೂ ಇಲ್ಲ.

ಆ ಕಾಲದ ಬ್ರಿಟಿಷ್ ಸೈನಿಕನ ಕೋವಿ ಚಕಮಕಿ ಕಲ್ಲಿನದು. ನಳಿಗೆಯ ಬಾಯಿಯಿಂದ ಮದ್ದು, ಗುಂಡು ಹಾಕಿ ಗಜದಿಂದ ಜಡಿಯಬೇಕು. ಬುಡದಲ್ಲೊಂದು ಪುಟ್ಟ ಬಟ್ಟಲು, ಅದರಲ್ಲಿ ಚಿಟಿಕೆ ಮದ್ದು. ಕುದುರೆಯ ಬಾಯಲ್ಲಿ ಕಚ್ಚಿಸಿದ ಕಲ್ಲು ಉಕ್ಕಿನ ಮುಚ್ಚಳಕ್ಕೆ ಬಡಿದಾಗ ಮುಚ್ಚಳ ತೆರೆದು ಬಟ್ಟಲಿಗೆ ಕಿಡಿ ಬೀಳುತ್ತದೆ. ಬೆಂಕಿ ಸಣ್ಣ ತೂತಿನಿಂದ ಒಳಗೆ ಹೋಗಿ ಈಡು ಹಾರುತ್ತದೆ. ನಳಿಗೆಯ ಬಾಯಿ ಸುಮಾರು 19 ಮಿಲಿಮೀಟರ್. ಸಂಗ್ರಾಹಕರು ಇವನ್ನು ‘ಬ್ರೌನ್ ಬೆಸ್’ ಎಂದು ಮುದ್ದಾಗಿ ಕರೆಯುತ್ತಾರೆ. ಬ್ರಿಟಿಷ್ ಸೇನೆಯ ಕೋವಿಯ ನಳಿಗೆ 42 ಅಂಗುಲವಿದ್ದಾಗ ಈಸ್ಟ್ ಇಂಡಿಯಾ ಕಂಪನಿ ತನ್ನ ಸಿಪಾಯಿಗಳಿಗೆ 39 ಅಂಗುಲದ್ದನ್ನು ಮಾಡಿಸುತ್ತಿತ್ತು. ಫ್ರಾನ್ಸಿನ ಮೇಲಿನ ಯುದ್ಧದಲ್ಲಿ ಕೋವಿ ಸಾಲದೆ ಬಂದಾಗ ಸೇನೆಯೂ ಅದನ್ನೇ ಒಪ್ಪಿಕೊಂಡಿತು. ಅದಕ್ಕೆ ‘ಇಂಡಿಯಾ ಪ್ಯಾಟರ್ನ್’ ಎಂಬ ಹೆಸರು ಉಳಿಯಿತು. ವಾಟರ್ಲೂದಲ್ಲಿ ಬ್ರಿಟಿಷ್ ಕಾಲಾಳುಗಳು ಹಿಡಿದದ್ದು ಹೆಚ್ಚಾಗಿ ಇದನ್ನೇ.

ಗೌಡರ ಕೋವಿಯಲ್ಲಿ ಕಲ್ಲೂ ಇರಲಿಲ್ಲ, ಬಟ್ಟಲೂ ಇರಲಿಲ್ಲ. ಅದು ಕೇಪಿನ ಕೋವಿ. ಆದರೆ ಕುದುರೆಯ ಕೆಳಗಿನ ಕಬ್ಬಿಣದ ತಗಡನ್ನು ಬಟ್ಟೆಯಲ್ಲಿ ಉಜ್ಜಿದಾಗ ಮುಚ್ಚಿದ ಎರಡು ತೂತುಗಳ ಗುರುತು ಕಂಡಿತು. ಬಟ್ಟಲನ್ನೂ ಮುಚ್ಚಳವನ್ನೂ ಕಿತ್ತು, ಕೇಪು ಕೂರಿಸುವ ಮೊಳೆ ಹಾಕಿ, ಕುದುರೆ ಬದಲಿಸಿದ್ದರು. ಮಲೆನಾಡಿನಲ್ಲಿ ಇದಕ್ಕೆ ಕಾರಣ ಹುಡುಕಬೇಕಿಲ್ಲ. ಜೂನ್ ತಿಂಗಳಲ್ಲಿ ತೆರೆದ ಬಟ್ಟಲಿನ ಮದ್ದು ಎಷ್ಟು ಹೊತ್ತು ಒಣಗಿರುತ್ತದೆ? ನಳಿಗೆಯನ್ನೂ ಗರಗಸ ಹಾಕಿ ಕತ್ತರಿಸಿದ್ದರು. ಅಳೆದೆ, 32 ಅಂಗುಲ. ಹಳುವಿನಲ್ಲಿ ನುಸುಳಿ ಹಂದಿ ಹಿಂದೆ ಹೋಗುವವನಿಗೆ ಸಿಪಾಯಿಯ ಉದ್ದ ಬೇಕಿರಲಿಲ್ಲ.

ಇನ್ನಷ್ಟು ಉಜ್ಜಿದೆ. ಕುದುರೆಯ ಮುಂದೆ, ಮುಂಗಾಲುಗಳಲ್ಲಿ ಕಿರೀಟ ಹಿಡಿದು ನಿಂತ ಸಿಂಹ ಮಸುಕಾಗಿ ಮೂಡಿತು.

ನನಗೆ ಖುಷಿಗಿಂತ ಮುಜುಗರವೇ ಹೆಚ್ಚಾಯಿತು. ಕಂಪನಿ ಮೊದಲು ತನ್ನ ಕೋವಿಗಳ ಮೇಲೆ ಹೃದಯದಾಕಾರದೊಳಗೆ ಹೆಸರಿನ ಮೊದಲಕ್ಷರಗಳಿರುವ ಮುದ್ರೆ ಕೆತ್ತಿಸುತ್ತಿತ್ತು. ಸಿಂಹ ಬಂದದ್ದು 1808ರಲ್ಲಿ. ಟಿಪ್ಪು ಸತ್ತು ಒಂಬತ್ತು ವರ್ಷಗಳ ಮೇಲೆ.

ಆಗ ಗೌಡರು ವಿಷಯ ಬಿಚ್ಚಿದರು. ಪೇಟೆಯಿಂದ ಒಬ್ಬರು ಬಂದು ಕೋವಿ ಕೇಳಿದ್ದರಂತೆ. 1783ರದ್ದೆಂದು ಓದಿದವರೊಬ್ಬರು ಬರೆದುಕೊಟ್ಟರೆ ಬೆಲೆ ಬೇರೆಯೇ ಆಗುತ್ತದೆ ಎಂದಿದ್ದರಂತೆ. ‘ನೀವೇ ನಾಲ್ಕು ಗೆರೆ ಬರೀರಿ ಮಾರಾಯ್ರೇ. ಮೊಮ್ಮಗಳ ಫೀಸು ಕಟ್ಟೂದಿದೆ.’

ಬೆಲೆಯ ಮಾತು ಸುಳ್ಳಲ್ಲವೆಂದು ನನಗೆ ಗೊತ್ತಿತ್ತು. 2019ರಲ್ಲಿ ಇಂಗ್ಲೆಂಡಿನ ಬರ್ಕ್‌ಷೈರಿನ ಕುಟುಂಬವೊಂದರ ಅಟ್ಟದಲ್ಲಿ ಶ್ರೀರಂಗಪಟ್ಟಣದ ಲೂಟಿಯ ಸಾಮಾನು ಸಿಕ್ಕಿ ಹರಾಜಾದಾಗ, ಟಿಪ್ಪುವಿನ ಬೆಳ್ಳಿ ಕಟ್ಟಿನ ಚಕಮಕಿ ಕೋವಿಯೊಂದೇ 60,000 ಪೌಂಡಿಗೆ ಹೋಯಿತು. ಟಿಪ್ಪುವಿನ ಕೋವಿಗಳನ್ನೇ ಜೀವಮಾನವಿಡೀ ಕೂಡಿಸಿ 1992ರಲ್ಲಿ ಅವುಗಳ ಮೇಲೆ ಪುಸ್ತಕ ಬರೆದ ರಾಬಿನ್ ವಿಗಿಂಗ್ಟನ್ ಇದ್ದದ್ದೂ ಇಂಗ್ಲೆಂಡಿನಲ್ಲೇ. ಸಂಗ್ರಾಹಕರ ಮೇಲೆ ನನಗೆ ತಕರಾರಿಲ್ಲ. ಮುದ್ರೆ ಓದುವುದನ್ನು ಕಲಿತದ್ದು ಅಂಥವರ ಪುಸ್ತಕಗಳಿಂದಲೇ. ಆದರೆ ಅವರಿಗೆ ಬೇಕಾದದ್ದು ಯಾರೂ ಕೈ ಹಚ್ಚದ ಕೋವಿ. ಕಲ್ಲು ತೆಗೆದು ಕೇಪು ಹಾಕಿದ, ನಳಿಗೆ ಕೊಯ್ದ ಕೋವಿ ಅವರ ಲೆಕ್ಕದಲ್ಲಿ ಕೆಟ್ಟುಹೋದದ್ದು. ಈ ಸೀಮೆಯಲ್ಲಿ ಉಳಿದದ್ದಾದರೋ ಹಾಗೆ ಕೆಟ್ಟುಹೋದದ್ದೇ. 2018ರಲ್ಲಿ ನಗರದ ಹಾಳುಬಾವಿಯೊಂದರಲ್ಲಿ ಆ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಯಾರಿಗೂ ಉಪಯೋಗಕ್ಕೆ ಬಾರದೆ ಕೆಸರಲ್ಲಿ ಬಿದ್ದಿದ್ದವಾದ್ದರಿಂದ ಅವು ಹಾಗೇ ಉಳಿದವು. ಕೋವಿ ಉಪಯೋಗಕ್ಕೆ ಬರುತ್ತಿತ್ತು. ಆದ್ದರಿಂದ ಬದಲಾಯಿತು.

ನಿಜ ಹೇಳಿದೆ. ಸಿಂಹವನ್ನು ತೋರಿಸಿದೆ. ಇಷ್ಟು ಹಳೆಯದನ್ನು ಹೊರದೇಶಕ್ಕೆ ಕಳಿಸಲು 1972ರ ಕಾಯ್ದೆ ಬಿಡುವುದಿಲ್ಲ ಎಂದೂ ಹೇಳಿದೆ. ಗೌಡರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಹಾಗಾದ್ರೆ ನಗರದ ದಂಗೆ ಕಾಲದ್ದಿರಬೌದಲ್ಲ?’ ಎಂದರು. 1830-31ರ ರೈತರ ದಂಗೆ. ಕಂದಾಯದ ಕಾಟಕ್ಕೆ ಎದ್ದ ಜನರನ್ನು ಅಡಗಿಸಲು ಕಂಪನಿಯ ಪಡೆಯೂ ಬಂದಿತ್ತು. ಅದೇ ನೆಪವಾಗಿ 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರ ಕೈಸೇರಿತು. ಕಾಲ ಹೊಂದುತ್ತದೆ, ಹಾಗೆಂದು ಬರೆದುಕೊಡಲು ಮಾತ್ರ ಆಗುವುದಿಲ್ಲ ಎಂದೆ. ಅವರ ಊಹೆ ನನ್ನ ಅಧ್ಯಾಯವೊಂದಕ್ಕೆ ಎಷ್ಟು ಚೆನ್ನಾಗಿ ಕೂರುತ್ತಿತ್ತು ಎಂಬುದನ್ನು ಹೇಳಲಿಲ್ಲ.

ಕೋವಿಗೆ ಲೈಸೆನ್ಸ್ ಇದೆ. ಬೆಳೆ ರಕ್ಷಣೆಗೆ. ಅದರಲ್ಲಿ ‘ಒಂಟಿ ನಳಿಗೆ, ಕೇಪಿನ ಕೋವಿ’ ಎಂದಷ್ಟೇ ಇದೆ. ಚುನಾವಣೆ ಬಂದಾಗಲೆಲ್ಲ ಅದು ಪೊಲೀಸ್ ಠಾಣೆಗೆ ಹೋಗಿ, ಚೀಟಿ ಕಟ್ಟಿಸಿಕೊಂಡು, ಊರಿನ ಉಳಿದ ಕೋವಿಗಳ ಜೊತೆ ಗೋಡೆಗೆ ಒರಗಿ ನಿಂತು, ಮತ ಎಣಿಕೆ ಮುಗಿದ ಮೇಲೆ ಮನೆಗೆ ಬರುತ್ತದೆ.

ಮಳೆ ನಿಂತಿತು. ಹೊರಡುವಾಗ ಗೌಡರು ಮೊಮ್ಮಗಳ ನೋಟ್‌ಬುಕ್ಕಿನ ಹಾಳೆಯೊಂದನ್ನು ಹರಿದು ಕೊಟ್ಟರು. ‘ಆ ಸಿಂಹ ಯಾರದ್ದು, ಎಷ್ಟನೇ ಇಸವಿಯದ್ದು ಅಂತಾದ್ರೂ ಬರ್ದಿಟ್ಟು ಹೋಗಿ.’ ಬರೆದೆ. ಅವರು ಓದಿ, ಮಡಿಚಿ, ಲೈಸೆನ್ಸ್ ಪುಸ್ತಕದೊಳಗೆ ಇಟ್ಟುಕೊಂಡರು.