ಕಾನಿನ ಕೆಳಗಿನ ಕೆರೆ: ಶಿಕಾರಿಪುರ–ಸೊರಬ ಸೀಮೆಯ ನೆಲ, ನೀರು, ನಿರ್ಮಾಣ

ಶಾಸನತಜ್ಞ ಬಿ.ಎಲ್. ರೈಸ್ ಶಿಕಾರಿಪುರದ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ (1902), ಸೊರಬದವನ್ನು ಎಂಟನೆಯದರಲ್ಲಿ (1904) ಪ್ರಕಟಿಸಿದರು. ಸಂಪುಟ ಬೇರೆಯಾದರೂ ನೀರಿನ ಲೆಕ್ಕದಲ್ಲಿ ಇವೆರಡೂ ಒಂದೇ ಸೀಮೆ. ಸೊರಬದ ದಂಡಾವತಿ ವರದೆಯನ್ನು ಸೇರುತ್ತದೆ, ಶಿಕಾರಿಪುರದ ಕುಮುದ್ವತಿ ತುಂಗಭದ್ರೆಯನ್ನು. ವರದೆಯೂ ಕಡೆಗೆ ಅಲ್ಲಿಗೇ. ಮಲೆನಾಡು ಬಯಲಾಗುತ್ತ ಹೋಗುವ ಈ ನೆಲದಲ್ಲಿ ಮುಂಗಾರು ಧಾರಾಳ, ಆಮೇಲೆ ತಿಂಗಳುಗಟ್ಟಲೆ ಒಣ. ಆ ಒಣ ತಿಂಗಳುಗಳೇ ಇಲ್ಲಿಯ ಜನರ ಕೈಯಲ್ಲಿ ಕೆರೆ ಕಟ್ಟಿಸಿದವು.

ಮೊದಲ ದೊಡ್ಡ ಸಾಕ್ಷ್ಯ ತಾಳಗುಂದದ್ದು. ಪ್ರಣವೇಶ್ವರ ದೇಗುಲದ ಮುಂದಿನ ಸ್ತಂಭದಲ್ಲಿ ಕವಿ ಕುಬ್ಜ ರಚಿಸಿದ ಐದನೆಯ ಶತಮಾನದ ಶಾಸನವನ್ನು ನಾವು ಕದಂಬರ ವಂಶಾವಳಿಗಾಗಿ ಓದುತ್ತೇವೆ. ಆ ವಂಶದ ಮೂಲಪುರುಷ ಮಯೂರಶರ್ಮ ಕಂಚಿಗೆ ಹೋದ ಕಥೆಯಲ್ಲೇ ನಿಂತುಬಿಡುತ್ತೇವೆ. ಆದರೆ ಆ ಶಾಸನವನ್ನು ಬರೆಸಿದ್ದಕ್ಕೆ ಕಾರಣ ಒಂದು ಕೆರೆ. ಸಾತಕರ್ಣಿ ಮೊದಲಾದ ಅರಸರು ಪೂಜಿಸಿದ ಶಿವಾಲಯದ ಬಳಿ ಕದಂಬ ಅರಸ ಕಾಕುತ್ಸ್ಥವರ್ಮ ಆ ಕೆರೆಯನ್ನು ಕಟ್ಟಿಸಿದ. ಮಗ ಶಾಂತಿವರ್ಮನ ಕಾಲದಲ್ಲಿ ಅದರ ನೆನಪು ಕಲ್ಲಿಗೇರಿತು. ಇಷ್ಟು ಪ್ರಸಿದ್ಧವಾದ ಶಾಸನದ ಈ ಮುಖ್ಯ ಸಂಗತಿ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿಗೆ ಇಳಿದಿರುವುದು ನನಗೆ ನೋವಿನ ವಿಷಯ.

ಬಳ್ಳಿಗಾವೆಯಲ್ಲೂ ದೇಗುಲ, ಕೆರೆ ಜೊತೆಯಾಗಿಯೇ ಇವೆ. ಕೇದಾರೇಶ್ವರ ದೇಗುಲ ಕೆರೆಯ ಮಗ್ಗುಲಲ್ಲೇ ಇದೆ. ಅಲ್ಲಿಯ ಕಾಳಾಮುಖ ಶೈವರ ಕೋಡಿಯ ಮಠವನ್ನು 1162ರ ಶಾಸನ ವೇದ, ವ್ಯಾಕರಣಗಳ ಓದಿನ ತಾಣವೆಂದೂ ಹಸಿದವರಿಗೆ ಅನ್ನ, ರೋಗಿಗಳಿಗೆ ಮದ್ದು ಸಿಗುವ ನೆಲೆಯೆಂದೂ ಬಣ್ಣಿಸುತ್ತದೆ.

ಕೆರೆಯ ರಚನೆಯನ್ನು ಹತ್ತಿರದಿಂದ ನೋಡಬೇಕು. ಎರಡು ದಿಬ್ಬಗಳ ನಡುವಿನ ತಗ್ಗಿಗೆ ಅಡ್ಡಲಾಗಿ ಮಣ್ಣಿನ ಏರಿ, ಅಲೆ ಬಡಿಯುವ ಒಳಮೈಗೆ ಕಲ್ಲಿನ ಹೊದಿಕೆ. ನೀರೊಳಗೆ ನಿಂತ ಎರಡು ಕಲ್ಲುಕಂಬಗಳ ನಡುವೆ ತೂಬು. ತೂಬಿನ ಬಾಯಿ ಮುಚ್ಚಿದ ಗೂಟ ಎತ್ತಿದರೆ ನೀರು ಏರಿಯಡಿಯ ಕಾಲುವೆಯಿಂದ ಗದ್ದೆಗೆ ಹೋಗುತ್ತದೆ. ಹೆಚ್ಚಿನ ನೀರು ಹೊರಹೋಗುವ ಕೋಡಿಯನ್ನು ಸಾಮಾನ್ಯವಾಗಿ ಏರಿಯ ತುದಿಯಲ್ಲಿ, ಗಟ್ಟಿ ನೆಲ ಸಿಗುವ ಕಡೆ ಇಡುತ್ತಾರೆ. ಆ ನೀರು ಏರಿಯ ತಲೆಯ ಮೇಲೆ ಹರಿದರೆ ಮಣ್ಣು ಕೊರೆದು ಒಡೆದುಹೋಗುವುದು ಖಚಿತ. ಏರಿ ಎಲ್ಲಿ, ಎಷ್ಟು ಎತ್ತರ ಎಂಬುದನ್ನು ತಗ್ಗು ಮೊದಲೇ ಹೇಳಿಬಿಟ್ಟಿರುತ್ತದೆ.

ಏರಿಯಷ್ಟೇ ಮುಖ್ಯವಾದದ್ದು ಮೇಲಿನ ಕಾನು. ಸೊರಬದ ಕಾನುಗಳೆಂದರೆ ಎಲೆಯುದುರುವ ಕಾಡು, ಹುಲ್ಲುಗಾವಲುಗಳ ನಡುವೆ ಉಳಿದ ನಿತ್ಯಹಸಿರು ತುಣುಕುಗಳು. ಊರಿನವರು ಕರಿಮೆಣಸಿಗೆ, ಬೈನೆಗೆ, ದೇವರಿಗೆಂದು ಇವನ್ನು ಕಾಪಾಡಿದರು. ಆದ್ದರಿಂದ ಕಾನನ್ನು ಬರಿಯ ನಿಸರ್ಗದ ಲೆಕ್ಕಕ್ಕೆ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಏರಿಯ ಹಾಗೆ ಇದೂ ಜನ ತಲೆಮಾರುಗಳ ಕಾಲ ನಿಭಾಯಿಸಿದ ಕೃತಿ. ಕಾನಿನ ತರಗೆಲೆಯ ನೆಲ ಮಳೆಯನ್ನು ಹೀರಿ ನಿಧಾನವಾಗಿ ಒರತೆಯಾಗಿ ಬಿಡುತ್ತದೆ, ಹೂಳನ್ನು ತಡೆಯುತ್ತದೆ. ಬ್ರಿಟಿಷ್ ಆಡಳಿತದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ಸೊರಬದ ಕಾನುಗಳ ಮೇಲೆಯೇ ಪ್ರತ್ಯೇಕ ವರದಿ ಬರೆದರು. ಸರ್ಕಾರ ಇವನ್ನು ಬೇರೆ ಬಗೆಯ ಕಾಡೆಂದು ಕಂಡಿತ್ತೆಂಬುದಕ್ಕೆ ಅದೇ ಪುರಾವೆ.

ಕೆರೆ ಕಾಡುಜೀವಿಗಳಿಗೂ ನೆಲೆಯಾಗುವುದಕ್ಕೆ ಸೊರಬದ ಗುಡವಿ ಉದಾಹರಣೆ. ಅಲ್ಲಿಯ ಕೆರೆಯಲ್ಲಿ, ನೀರಲ್ಲೇ ನಿಂತ ಮರಗಳ ಮೇಲೆ ಬಿಳಿ ಕೆಂಬರಲು, ನೀರುಕಾಗೆಗಳು ಗೂಡು ಕಟ್ಟುತ್ತವೆ. 1989ರಲ್ಲಿ ಅದು ಪಕ್ಷಿಧಾಮವಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಕಾನು, ಕೆರೆಗಳ ಜೋಡಿ ಬೇರ್ಪಟ್ಟಿತು. ಕಾನು ಅರಣ್ಯದ ಕಡತಕ್ಕೆ, ಕೆರೆ ನೀರಾವರಿಯ ಕಡತಕ್ಕೆ ಹೋದವು. ಅನೇಕ ಕಡೆ ಕಾನಿನ ಅಂಚಿಗೆ ಅಕೇಶಿಯಾ, ನೀಲಗಿರಿ, ಅಡಿಕೆ ಬಂದವು. ಈಗ ಕೆರೆಗಳ ಹೂಳೆತ್ತುವುದಕ್ಕೆ ಹಣ ಸಿಗುತ್ತಿದೆ, ಅದು ಬೇಕಾದ ಕೆಲಸವೂ ಹೌದು. ಆದರೆ ಮೇಲಿನ ಇಳಿಜಾರು ಬೋಳಾಗಿದ್ದರೆ ಹೂಳು ಕೆಲವೇ ಮಳೆಗಾಲಗಳಲ್ಲಿ ಮರಳಿ ಬರುತ್ತದೆ. ಅಂದಾಜುಪಟ್ಟಿ ಬರೆಯುವವರು ಏರಿಯ ಉದ್ದ ಅಳೆಯುವ ಮುನ್ನ ಕಾನಿನ ಗಡಿಯನ್ನು ಗುರುತಿಸಲಿ; ಅದರ ರಕ್ಷಣೆಯ ಖರ್ಚೂ ಅದೇ ಪಟ್ಟಿಯಲ್ಲಿ ಸೇರಲಿ.