ಅಟ್ಟದ ಗಾಳಿ, ಕೊಬ್ಬರಿಯ ಗಂಧ

ಹೊಲದಲ್ಲಿಯೇ ಮಾಗತಕ್ಕ ಬೆಳೆಗಳು ಕೆಲವು. ಮನೆಗೆ ಬಂದಮೇಲೆ ಹದಕ್ಕೆ ಬರತಕ್ಕವು ಕೆಲವು. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಈ ಎರಡು ವರ್ಗಕ್ಕೂ ಸೇರಿದುದು. ಮರದ ಮೇಲೆ ಅದು ಸುಮಾರು ಒಂದು ವರ್ಷ ಬಲಿಯುವುದು. ಅನಂತರ ಅಟ್ಟದ ಮೇಲೆ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಕತ್ತಲೆಯಲ್ಲಿ ಕುಳಿತು ಕೊಬ್ಬರಿಯಾಗುವುದು. ಮರದ ಮೇಲಿನ ವರ್ಷವು ದಾರಿಹೋಕರ ಕಣ್ಣಿಗೂ ಬೀಳುತ್ತದೆ. ಅಟ್ಟದ ಮೇಲಿನ ವರ್ಷವು ಮನೆಯವರಿಗೆ ಮಾತ್ರ ಗೊತ್ತು. ಆದರೆ ಈ ಸೀಮೆಯ ಉಂಡೆ ಕೊಬ್ಬರಿಗೆ ದೂರದೇಶಗಳಲ್ಲಿ ಹೆಸರು ಬಂದುದು ಈ ಎರಡನೆಯ ವರ್ಷದ ಎಚ್ಚರಿಕೆಯಿಂದ. ಆ ಎಚ್ಚರಿಕೆಯ ಸಾರವನ್ನು ಎರಡು ಮಾತಿನಲ್ಲಿ ಹೇಳಬಹುದು: ಮುಚ್ಚಿದ ಎಡೆಯಲ್ಲಿ ಗಾಳಿಯನ್ನು ಹದವಾಗಿ ಆಡಿಸುವುದು; ಆ ಹದ ತಪ್ಪಿತೋ ಇಲ್ಲವೋ ಎಂಬುದನ್ನು ಮೂಗಿನಿಂದ ತಿಳಿಯುವುದು.

ತೆಂಗು ಕಡಲ ಕರೆಯ ಮರವೆಂಬುದು ಲೋಕಪ್ರಸಿದ್ಧವಾದ ಸಂಗತಿ. ಆದರೂ ಕಡಲಿಗೆ ಬಹುದೂರವಾಗಿ, ಸಮುದ್ರಮಟ್ಟಕ್ಕೆ ೨,೫೦೦ ಅಡಿಗೂ ಮೇಲಿರುವ ಈ ಬಯಲಿನಲ್ಲಿ ಅದು ಬಹುಕಾಲದಿಂದ ಬೇರೂರಿದೆ. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ ೧೮೦೦ರಲ್ಲಿ, ಕುಂಪಣಿ ಸರ್ಕಾರದ ಅಪ್ಪಣೆಯ ಮೇಲೆ ಮೈಸೂರು ಸೀಮೆಯನ್ನು ಸುತ್ತಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಚಿಕ್ಕನಾಯಕನಹಳ್ಳಿಗೂ ಬಂದಿದ್ದನು. ೧೮೦೭ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥವು ಮೈಸೂರು ಸೀಮೆಯ ತೆಂಗಿನ ಕಾಯಿಗಳನ್ನು ಕೆಂಪು, ಕೆಂಪು ಬೆರೆತ ಹಸುರು, ತಿಳಿಹಸುರು, ಕಡುಹಸುರು ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ ಹೇಳುತ್ತದೆ. ಇದರಿಂದ ಎರಡು ಶತಮಾನಗಳ ಹಿಂದೆಯೇ ಒಳನಾಡಿನಲ್ಲಿ ತೆಂಗಿನ ತೋಟಗಾರಿಕೆಯು ನೆಲೆನಿಂತ ಕಸುಬಾಗಿತ್ತೆಂದು ಕಾಣುತ್ತದೆ.

ಕರಾವಳಿಯಲ್ಲಿ ಮಳೆಯು ವರ್ಷಕ್ಕೆ ಮುನ್ನೂರು ಸೆಂಟಿಮೀಟರಿಗೂ ಹೆಚ್ಚು. ತಿಪಟೂರಿನ ಕಡೆ ಬೀಳುವುದು ಅದರ ಕಾಲುಭಾಗಕ್ಕಿಂತಲೂ ಕಡಮೆ. ಕೊಬ್ಬರಿಯ ಚರಿತ್ರೆಯಲ್ಲಿ ಈ ವ್ಯತ್ಯಾಸವೇ ಮುಖ್ಯವಾದುದು. ಕರಾವಳಿಯಲ್ಲಿ ಕಾಯನ್ನು ಹೋಳುಮಾಡಿ ಬಿಸಿಲಿನಲ್ಲಾಗಲಿ ಹೊಗೆಗೂಡಿನಲ್ಲಾಗಲಿ ಕೆಲವೇ ದಿನಗಳಲ್ಲಿ ಒಣಗಿಸುವುದು ವಾಡಿಕೆ. ಅದು ಹೆಚ್ಚಾಗಿ ಗಾಣಕ್ಕೆ ಹೋಗತಕ್ಕ ಕೊಬ್ಬರಿ. ಮಲೆಯಾಳ ಸೀಮೆಯ ವಡಕರದ ಕಡೆ ಉಂಡೆ ಕೊಬ್ಬರಿ ಮಾಡುವುದುಂಟಾದರೂ, ಮಳೆಗಾಲದಲ್ಲಿ ಅಟ್ಟದ ಕೆಳಗೆ ಸಣ್ಣ ಉರಿಯ ನೆರವು ಬೇಕಾಗುತ್ತದೆ. ತಿಪಟೂರು ಸೀಮೆಯಲ್ಲಾದರೋ ಬೆಂಕಿಯೂ ಬೇಡ, ಬಿಸಿಲೂ ಬೇಡ, ಒಣಗಾಳಿಯೊಂದೇ ಸಾಕು. ಮಳೆ ಸಾಲದೆಂದು ಕೊರಗುವ ನಾಡಿಗೆ ಆ ಕೊರತೆಯೇ ಒಂದು ಕಸುಬನ್ನು ಕೊಟ್ಟಿತು.

ಗಾಳಿಯು ಮಾಡುವ ಕೆಲಸವು ಎಷ್ಟೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ಹಸಿ ತಿರುಳಿನ ತೂಕದಲ್ಲಿ ಸುಮಾರು ಅರ್ಧಭಾಗ ನೀರು. ಹದವಾದ ಉಂಡೆ ಕೊಬ್ಬರಿಯಲ್ಲಿ ಉಳಿಯಬೇಕಾದುದು ನೂರಕ್ಕೆ ಏಳರಷ್ಟು ಮಾತ್ರ. ಹಾಗಾದರೆ ನೂರು ಕಿಲೋಗ್ರಾಂ ಕೊಬ್ಬರಿಯಾಗಬೇಕಾದರೆ ನೂರ ಎಂಬತ್ತಾರು ಕಿಲೋಗ್ರಾಂ ತಿರುಳಿನಿಂದ ಎಂಬತ್ತಾರು ಕಿಲೋಗ್ರಾಂ ನೀರು ಹೊರಟುಹೋಗಬೇಕು. ಕಾಯೊಳಗಿನ ಎಳನೀರೂ, ಸಿಪ್ಪೆಯ ಪಸೆಯೂ ಈ ಲೆಕ್ಕಕ್ಕೆ ಸೇರಿಲ್ಲ. ಇಷ್ಟು ನೀರು ಕರಟವನ್ನೂ ನಾರನ್ನೂ ದಾಟಿ ಆವಿಯಾಗಿ ಅಟ್ಟದ ಗಾಳಿಗೆ ಸೇರುತ್ತದೆ. ಆ ಗಾಳಿಯು ಅಲ್ಲಿಯೇ ನಿಂತರೆ ನೀರೂ ಅಲ್ಲಿಯೇ ನಿಲ್ಲುವುದು. ಗಾಳಿಯು ಹೊರಟರೆ ನೀರೂ ಹೊರಡುವುದು.

ಹಳೆಯ ಕಾಲದ ಅಟ್ಟದ ರಚನೆಯನ್ನು ಈ ದೃಷ್ಟಿಯಿಂದ ನೋಡಿದರೆ ಅದರ ಒಂದೊಂದು ಅಂಗಕ್ಕೂ ಅರ್ಥ ತೋರುವುದು. ತೊಲೆಗಳ ಮೇಲೆ ಬಿದಿರಿನ ಅಥವಾ ಅಡಕೆಯ ದಬ್ಬೆಗಳನ್ನು ನಡುನಡುವೆ ಸಂದು ಬಿಟ್ಟು ಹಾಸುವುದು ಕೆಳಗಿನ ಗಾಳಿ ಮೇಲಕ್ಕೇರಲೆಂದು. ನಾಡಹಂಚಿನ ಮಾಡಿನಲ್ಲಿ ಹಂಚಿಗೂ ಹಂಚಿಗೂ ನಡುವೆ ಇರುವ ಸಣ್ಣ ಸಂದುಗಳು ಮಳೆಯನ್ನು ತಡೆದರೂ ಬಿಸಿಗಾಳಿಯನ್ನು ತಡೆಯುವುದಿಲ್ಲ. ಬಿಸಿಯಾದ ಗಾಳಿಯು ಹಗುರವಾಗಿ ಮೇಲಕ್ಕೇರಿ ಆ ಸಂದುಗಳಿಂದ ಹೊರಡುವುದು. ಅದರ ಎಡೆಯನ್ನು ತುಂಬಲು ಕೆಳಗಿನಿಂದ ತಂಪಾದ ಗಾಳಿಯು ಬರುವುದು. ಅಡಿಗೆಮನೆಯ ಒಲೆಯು ಈ ಓಟಕ್ಕೆ ಒತ್ತಾಸೆಯಾಗುತ್ತಿತ್ತು. ಒಲೆಯ ತೆಳುವಾದ ಹೊಗೆ ಹುಳುಗಳನ್ನು ದೂರವಿಡುತ್ತಿತ್ತು; ಹೊಗೆಯು ಮಿತಿಮೀರಿದರೆ ಕೊಬ್ಬರಿಗೆ ಹೊಗೆಯ ವಾಸನೆ ಹತ್ತುವುದೆಂಬುದೂ ತಿಳಿದ ಸಂಗತಿಯೇ ಆಗಿತ್ತು. ಅಟ್ಟದ ಕತ್ತಲೆಯೂ ನಿಷ್ಪ್ರಯೋಜಕವಲ್ಲ: ಬಿಸಿಲು ನೇರವಾಗಿ ಬಿದ್ದು ಅವಸರದಿಂದ ಒಣಗಿದರೆ ತಿರುಳು ಬಿರಿಯುವುದು, ನಿಧಾನವಾಗಿ ಒಣಗಿದರೆ ಸಮನಾಗಿ ಕುಗ್ಗಿ, ಕರಟದಿಂದ ಬಿಟ್ಟು, ಗುಂಡಗೆ ನಿಲ್ಲುವುದು. ಕಾಯನ್ನು ಕಿವಿಯ ಬಳಿ ಅಲುಗಿಸಿದಾಗ ಮೊದಲು ನೀರಿನ ಸದ್ದು ಕೇಳುವುದು, ಅನಂತರ ಸದ್ದಡಗುವುದು, ಕೊನೆಗೆ ಉಂಡೆಯು ಕರಟಕ್ಕೆ ತಾಗಿ ಲೊಡಲೊಡನೆ ಸದ್ದುಮಾಡುವುದು. ಆಗ ಕಾಯಿ ಸುಲಿಯುವ ಕಾಲ ಬಂದಿತೆಂದು ತಿಳಿಯತಕ್ಕದ್ದು.

ಅಟ್ಟದ ವರ್ಷವು ಎಲ್ಲ ತಿಂಗಳುಗಳಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಬೇಸಗೆಯಲ್ಲಿ ಭಯವಿಲ್ಲ. ಆಷಾಢದ ಗಾಳಿಯು ಮನೆಯ ಮಾಡನ್ನೇ ಅಲುಗಿಸುವಂತಿದ್ದರೂ ಅಟ್ಟಕ್ಕೆ ಅದು ಉಪಕಾರಿ. ಮೋಡ ಕವಿದಿದ್ದರೂ ಅದು ಆವಿಯನ್ನು ಹೊತ್ತು ಹೋಗುವುದು. ಅಪಾಯವಿರುವುದು ಹಸ್ತ, ಚಿತ್ತೆ, ಸ್ವಾತಿ ಮಳೆಗಳ ಕಾಲದಲ್ಲಿ. ಈ ಸೀಮೆಯ ದೊಡ್ಡ ಮಳೆಗಳು ಅವೇ. ಆಗ ಗಾಳಿಯು ತಗ್ಗಿ ತೇವವು ಏರುವುದು. ಹಿಂದೆಯೇ ಮಾರ್ಗಶಿರದ ಇಬ್ಬನಿ ಬರುವುದು. ಈ ದಿನಗಳಲ್ಲಿ ಕಾಯಿಗಳ ರಾಶಿ ಎತ್ತರವಾಗಿದ್ದರೆ ತಳದ ಕಾಯಿಗಳಿಗೆ ಉಸಿರಾಡಲು ಎಡೆಯಿಲ್ಲದೆ ಬೂಷ್ಟು ಹಿಡಿಯುವುದು. ಕೆಲವು ಮೊಳಕೆಯೊಡೆದು ತಮ್ಮ ತಿರುಳನ್ನು ತಾವೇ ತಿನ್ನುವುವು. ಹೊಸದಾಗಿ ಕಿತ್ತ ಹಸಿಕಾಯನ್ನು ಅರೆ ಒಣಗಿದ ಹಳೆಯ ಕಾಯಿಯ ಮೇಲೆ ಸುರಿದರೆ ಹೊಸದರ ತೇವವು ಹಳೆಯದಕ್ಕೆ ಇಳಿದು, ಕಳೆದ ತಿಂಗಳುಗಳ ಶ್ರಮವು ವ್ಯರ್ಥವಾಗುವುದು. ಆದುದರಿಂದಲೇ ಒಂದೊಂದು ಕೊಯ್ಲಿನ ಕಾಯಿಗೂ ಬೇರೆಬೇರೆ ಮೂಲೆಯನ್ನು ಕೊಡುವುದು ವಿವೇಕವೆನಿಸಿತು.

ಕತ್ತಲೆಯಲ್ಲಿ, ಸಿಪ್ಪೆಯೊಳಗೆ, ಕರಟದೊಳಗೆ ನಡೆಯುವ ಈ ವ್ಯಾಪಾರವನ್ನು ಕಣ್ಣಿನಿಂದ ಪರೀಕ್ಷಿಸುವುದು ಅಸಾಧ್ಯ. ಅಲ್ಲಿ ಮೂಗೇ ಪ್ರಮಾಣ. ಒಣ ನಾರಿನ ವಾಸನೆಯೂ ಕೊಬ್ಬರಿಯ ತಿಳಿಯಾದ ಸಿಹಿಗಂಪೂ ಬಂದರೆ ಕ್ಷೇಮ. ಮುಗ್ಗಲು ವಾಸನೆಯು ಗಾಳಿ ನಿಂತುದರ ಗುರುತು. ಹುಳಿನಾತ ಬಂದರೆ ಯಾವುದೋ ಕಾಯಿ ಬಿರಿದು ನೀರು ಸೋರಿದೆಯೆಂದು ಅರ್ಥ. ಕಮಟು ವಾಸನೆಯಾದರೋ ಎಣ್ಣೆಯೇ ಕೆಟ್ಟಿತೆಂಬುದರ ಸೂಚನೆ, ಅದಕ್ಕೆ ಮದ್ದಿಲ್ಲ. ಈ ಮೆಟ್ಟಿಲುಗಳನ್ನು ರಸಾಯನಶಾಸ್ತ್ರವು ಈಗ ತನ್ನ ಮಾತಿನಲ್ಲಿ ವಿವರಿಸುತ್ತದೆ. ತೆಂಗಿನ ಸಿಹಿಗಂಪಿಗೆ ಲ್ಯಾಕ್ಟೋನುಗಳೆಂಬ ವಸ್ತುಗಳು ಕಾರಣ. ತೇವವಿದ್ದಾಗ ಬೂಷ್ಟು ಎಣ್ಣೆಯನ್ನು ಒಡೆದು ಬಿಡಿ ಆಮ್ಲಗಳನ್ನು ಹುಟ್ಟಿಸುವುದು. ಆ ಆಮ್ಲಗಳಿಂದ ಕೀಟೋನುಗಳಾಗಿ ಗಾಟುವಾಸನೆ ಏಳುವುದು. ಶಾಸ್ತ್ರಜ್ಞರ ಉಪಕರಣಗಳಿಗಿಂತ ಮುಂಚೆಯೇ ಗೃಹಸ್ಥರ ಮೂಗು ಈ ಭೇದಗಳನ್ನು ಗುರುತಿಸಿತ್ತು.

ಕೆಟ್ಟ ವಾಸನೆಯ ಹಿಂದೆ ಬೆಲೆಯ ನಷ್ಟಕ್ಕಿಂತ ದೊಡ್ಡ ಅಪಾಯವೂ ಇರಬಹುದೆಂಬುದು ೧೯೬೦ರಲ್ಲಿ ಲೋಕಕ್ಕೆ ಗೊತ್ತಾಯಿತು. ಆ ವರ್ಷ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ತಿಂದ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತುವು. ಆಸ್ಪರ್ಜಿಲಸ್ ಎಂಬ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷವು ಅದಕ್ಕೆ ಕಾರಣವೆಂದು ಶೋಧಕರು ಕಂಡುಹಿಡಿದರು. ಅದೇ ಬೂಷ್ಟು ತೇವವುಳ್ಳ ಕೊಬ್ಬರಿಯ ಮೇಲೂ ಬೆಳೆಯತಕ್ಕದ್ದು. ಮುಗ್ಗಿದ ಉಂಡೆಯನ್ನು ಒರಸಿ ಒಳ್ಳೆಯದರೊಡನೆ ಬೆರೆಸುವುದು ಲಾಭದ ಮಾತಾಗಿ ಕಂಡರೂ ಧರ್ಮದ ಮಾತಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಗಂಧಕ್ಕೆ ಇಷ್ಟು ಮಹತ್ವ ಬಂದುದಕ್ಕೆ ವ್ಯಾಪಾರವೂ ಕಾರಣ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಸಾಬೂನಿನ ಕಾರ್ಖಾನೆಗಳೂ, ೧೮೬೯ರಲ್ಲಿ ಫ್ರಾನ್ಸಿನಲ್ಲಿ ಕಂಡುಹಿಡಿದ ಮಾರ್ಗರೀನ್ ಎಂಬ ಕೃತಕ ಬೆಣ್ಣೆಯ ಕಾರ್ಖಾನೆಗಳೂ ಕಾಲಕ್ರಮದಲ್ಲಿ ಕೊಬ್ಬರಿ ಎಣ್ಣೆಯನ್ನು ಹೇರಳವಾಗಿ ಬಯಸಿದುವು. ದ್ವೀಪಗಳಿಂದ ಹಡಗು ಹಡಗು ಹೊಗೆಗೊಬ್ಬರಿ ಹೊರಟಿತು. ಎಣ್ಣೆಯನ್ನು ಶುದ್ಧಿಮಾಡಿಕೊಳ್ಳುವವರಿಗೆ ಅದರ ವಾಸನೆಯ ಗೊಡವೆಯಿರಲಿಲ್ಲ. ತಿಪಟೂರು ಸೀಮೆಯ ದಾರಿ ಬೇರೆಯಾಯಿತು. ೧೮೮೪ರಲ್ಲಿ ತುಮಕೂರಿಗೆ ಬಂದಿದ್ದ ರೈಲುರಸ್ತೆಯು ೧೮೮೯ರ ವೇಳೆಗೆ ತಿಪಟೂರು, ಅರಸೀಕೆರೆಗಳ ಮೇಲೆ ಹರಿಹರದವರೆಗೆ ಮುಂದುವರಿಯಿತು. ಈ ಸೀಮೆಯ ಉಂಡೆ ಕೊಬ್ಬರಿಯು ಉತ್ತರ ಹಿಂದೂಸ್ಥಾನದ ಪೇಟೆಗಳಿಗೆ ಹೋಗುವುದು ಗಾಣಕ್ಕಲ್ಲ. ಪೂಜೆಗೆ, ಮದುವೆಯ ಉಡುಗೊರೆಗೆ, ಸಿಹಿತಿಂಡಿಗೆ. ತಿನ್ನುವವನ ಮೂಗನ್ನು ಮೋಸಗೊಳಿಸಲಾಗದು. ಆದುದರಿಂದ ಕೊಳ್ಳುವವನು ಉಂಡೆಯನ್ನು ಒಡೆದು ಮೂಸಿ ನೋಡುವನು. ಅಟ್ಟದ ಮೇಲೆ ಒಂದು ವರ್ಷ ನಡೆದ ಕೆಲಸಕ್ಕೆ ಆ ಒಂದು ಕ್ಷಣದಲ್ಲಿ ತೀರ್ಪು ಸಿಕ್ಕುವುದು.

ಕಾಲವು ಈಗ ಬದಲಾಗಿದೆ. ೧೯೧೬ರಲ್ಲಿ ಕಾಸರಗೋಡಿನಲ್ಲಿ ಆರಂಭವಾದ ತೆಂಗಿನ ಸಂಶೋಧನಾಕೇಂದ್ರವು ೧೯೭೦ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿ, ಹೋಳು ಕೊಬ್ಬರಿಯನ್ನು ಶೀಘ್ರವಾಗಿ ಒಣಗಿಸುವ ಯಂತ್ರಗಳನ್ನೂ ರೂಪಿಸಿತು. ಉಂಡೆ ಕೊಬ್ಬರಿಗೆ ಮಾತ್ರ ಈಗಲೂ ಅಟ್ಟವೇ ಗತಿ. ಆದರೆ ಮನೆಗಳ ರೂಪ ಮಾರ್ಪಟ್ಟಿದೆ. ಹಂಚಿನ ಮಾಡು ಹೋಗಿ ಕಾಂಕ್ರೀಟಿನ ತಾರಸಿ ಬಂದಿತು. ಒಲೆಯ ಎಡೆಯಲ್ಲಿ ಗ್ಯಾಸ್ ಬಂದಿತು. ಮನೆಯವರ ಕಣ್ಣಿಗೂ ಶ್ವಾಸಕೋಶಕ್ಕೂ ಇದರಿಂದ ಉಪಕಾರವಾಯಿತೆಂಬುದರಲ್ಲಿ ಸಂದೇಹವಿಲ್ಲ. ಕಾಯಿಗಳು ಮಾತ್ರ ಮನೆಯನ್ನು ಬಿಟ್ಟು ತೋಟದ ಶೆಡ್ಡುಗಳನ್ನು ಸೇರಿದುವು. ಅಲ್ಲಿ ತಗಡಿನ ಮಾಡು ರಾತ್ರಿ ತಣ್ಣಗಾಗಿ, ಬೆಳಗಿನ ಜಾವ ಅದರ ಒಳಮೈಯಲ್ಲಿ ಬೆವರು ಕಟ್ಟಿ, ಒಣಗಿದ ಕಾಯಿಯ ಮೇಲೆಯೇ ತೊಟ್ಟಿಕ್ಕುವುದು. ಕಳ್ಳರ ಭಯದಿಂದ ನಾಲ್ಕು ಕಡೆಯೂ ಗೋಡೆ ಎಬ್ಬಿಸಿದರೆ ಗಾಳಿಗೂ ಬಾಗಿಲು ಹಾಕಿದಂತಾಗುವುದು. ಎಲ್ಲಕ್ಕಿಂತ ಮಿಗಿಲಾಗಿ, ದಿನವೂ ಅಟ್ಟದ ಕೆಳಗೆ ಓಡಾಡಿ ಅರಿವಿಲ್ಲದೆಯೇ ವಾಸನೆ ಹಿಡಿಯುತ್ತಿದ್ದ ಮನೆಮಂದಿಯ ಮೂಗು ಈಗ ಅಲ್ಲಿಲ್ಲ.

ಬೆಲೆಯ ಏರಿಳಿತವೂ ಈ ಎರಡನೆಯ ವರ್ಷವನ್ನು ಪರೀಕ್ಷೆಗೆ ಒಡ್ಡಿದೆ. ೨೦೨೩ರಲ್ಲಿ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ ೧೧,೭೫೦ ರೂಪಾಯಿಗಳ ಬೆಂಬಲ ಬೆಲೆಯನ್ನು ಗೊತ್ತುಮಾಡಿದ್ದರೂ ಪೇಟೆಯ ಧಾರಣೆಯು ಅದಕ್ಕಿಂತ ಬಹಳ ಕೆಳಗಿಳಿಯಿತು; ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಬೀದಿಗಿಳಿದರು. ೨೦೨೫ರಲ್ಲಿ ಅದೇ ಧಾರಣೆಯು ೨೦,೦೦೦ ರೂಪಾಯಿಗಳನ್ನು ಮೀರಿತು. ಬೆಲೆ ಬಿದ್ದಾಗ ಕಾಯುವವನು ಕಾಯನ್ನು ಅಟ್ಟದಲ್ಲಿ ಇನ್ನಷ್ಟು ಕಾಲ ಇಡಬೇಕು. ಗಾಳಿಯ ವ್ಯವಸ್ಥೆ ಸರಿಯಿಲ್ಲದವನಿಗೆ ಕಾಯುವ ಸ್ವಾತಂತ್ರ್ಯವೇ ಇಲ್ಲ. ಎಳನೀರಿಗೂ ಹಸಿಕಾಯಿಗೂ ಒಳ್ಳೆಯ ಬೆಲೆ ಬಂದಾಗ ಅಟ್ಟಕ್ಕೆ ಕಾಯಿ ಏರುವುದೇ ಕಡಮೆಯಾಗುವುದು. ಒಂದು ತಲೆಮಾರು ಅಟ್ಟವನ್ನು ಬರಿದಾಗಿ ಬಿಟ್ಟರೆ ಮುಂದಿನ ತಲೆಮಾರಿಗೆ ಆ ಹದವನ್ನು ಹೇಳಿಕೊಡುವವರು ದೊರೆಯುವುದು ದುರ್ಲಭ.

ಹಳೆಯ ಮನೆಗಳನ್ನೇ ಮತ್ತೆ ಕಟ್ಟಬೇಕೆಂದು ಇದರ ತಾತ್ಪರ್ಯವಲ್ಲ. ಹಳೆಯ ಅಟ್ಟದ ನ್ಯಾಯವು ಹೊಸ ಶೆಡ್ಡಿಗೂ ಸಲ್ಲುವುದು. ನೆಲಕ್ಕೆ ಕಾಯಿ ತಾಗದಂತೆ ಸಂದುಳ್ಳ ಹಾಸು, ತಗ್ಗಿನಲ್ಲಿ ಗಾಳಿ ಬರಲು ಜಾಲರಿಯ ಕಿಂಡಿ, ನೆತ್ತಿಯಲ್ಲಿ ಅದು ಹೊರಡಲು ದಾರಿ, ತಗಡಿನ ಕೆಳಗೊಂದು ಮರೆ, ಎತ್ತರವಲ್ಲದ ರಾಶಿ, ಹೊಸ ಕಾಯಿಗೂ ಹಳೆಯ ಕಾಯಿಗೂ ಬೇರೆ ಎಡೆ, ಇಷ್ಟಿದ್ದರೆ ಸಾಕು. ಇದಕ್ಕೆ ಹೆಚ್ಚಿನ ವೆಚ್ಚವೂ ಇಲ್ಲ. ಸ್ವಾತಿ ಮಳೆ ಹಿಡಿದಿರುವಾಗ ದಿನಕ್ಕೊಮ್ಮೆಯಾದರೂ ಬಾಗಿಲು ತೆರೆದು, ಒಳಗೆ ನಿಂತು ಒಮ್ಮೆ ಉಸಿರೆಳೆದು ನೋಡುವವರೊಬ್ಬರು ಮಾತ್ರ ಮನೆಯಲ್ಲಿ ಇರಬೇಕು.