ಶೇಂಗೆಯ ಕಾಡುನಂಟು

ಕೂಡಲಸಂಗಮದ ಸುತ್ತಣ ಹುನಗುಂದ ಸೀಮೆಯ ರೈತರಿಗೆ ಚಿರಪರಿಚಿತವಾದ ಶೇಂಗೆಯ ತವರು ದಕ್ಷಿಣ ಅಮೆರಿಕವಷ್ಟೆ. ಎಲೆಯನ್ನೊಣಗಿಸುವ ತುಕ್ಕುರೋಗವನ್ನು ಅಲ್ಲಿಯ ಕೆಲವು ಕಾಡುಶೇಂಗೆಗಳು ತಡೆಯಬಲ್ಲವು. ಆದರೆ ಹೊಲದ ಶೇಂಗೆಗೆ ವರ್ಣತಂತುಗಳು 40, ಕಾಡಿನ ಬಹುತೇಕ ಜಾತಿಗಳಿಗೆ 20. ಸಂಕರಕ್ಕೆ 30 ಒದಗಿ ಅದು ಪ್ರಾಯಶಃ ಬಂಜೆಯಾಗುವುದು. ಕಾಲ್ಚಿಸಿನ್ ಎಂಬ ಮದ್ದಿನಿಂದ ಅವನ್ನು 60ಕ್ಕೆ ಇಮ್ಮಡಿಸಿ, ತಲೆಮಾರುಗಳಲ್ಲಿ ಆಯ್ದು 40ಕ್ಕಿಳಿಸುವುದೊಂದು ಬಳಸುದಾರಿ. ಕಾರ್ಡೆನಾಸಿ ಎಂಬ ಕಾಡುಜಾತಿಯ ಅಂಶವುಳ್ಳ ಐ.ಸಿ.ಜಿ.ವಿ. 86855ನ್ನು ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದವರು, ಬೇಗ ಮಾಗುವ ಕೆ.ಆರ್.ಜಿ. 1ರೊಡನೆ ಕೂಡಿಸಿ ಜಿ.ಪಿ.ಬಿ.ಡಿ. 4 ತಳಿಯನ್ನು ಪಡೆದರು. ಇದರಲ್ಲಿ ರಾಯಚೂರಿನ ಆ ತಾಯಿತಳಿಯ ಪಾಲು ಅಲ್ಪವೆಂದು ನಾವೆಣಿಸೆವು. ಕಾಡಿನಿಂದ ರೋಗನಿರೋಧದೊಡನೆ ತಡವಾಗಿ ಮಾಗುವ ಗುಣವೂ ಬೆನ್ನಟ್ಟಿ ಬರುವುದುಂಟು. ಜೆ.ಎಲ್. 24 ಮೊದಲಾದ ತಳಿಗಳಿಗೆ ತುಕ್ಕುನಿರೋಧವನ್ನು ಸಾಗಿಸಿದ, 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಾತೃವಾದುದು ಈ ಧಾರವಾಡದ ತಳಿಯೇ.